ಹೆಸರೇ ಗೊತ್ತಿಲ್ಲದ ಹರಕೆ

“ಮಗೀನ ಹೆಸ್ರು ಆಗ್ಲೇ ತೀರ್ಮಾನ ಆಗೋಗೈತೆ. ಯಾರೂ ತಲೆ ಕೆಡಿಸ್ಕೋಬ್ಯಾಡಿ” ಎಂದಳು ದೊಡ್ಡತಾಯಮ್ಮ.

ಕಡಲಾಚೆಯ ಬೆರ್ರಿಯೆಸಾ ಎಂಬ ಬಡಾವಣೆಯ ಆ ಅಪಾರ್ಟ್‌ಮೆಂಟಿನ ನಡುಮನೆಯಲ್ಲಿದ್ದ ಮೂವರೂ ಮಾಡುತ್ತಿದ್ದ ಕೆಲಸ ಬಿಟ್ಟು ಅವಳ ಕಡೆ ತಿರುಗಿದರು. ನಾಳೆ ಭಾನುವಾರ ನಾಮಕರಣ. ಅಳಿಯ ಶಿವಪ್ರಕಾಶ್ ಸ್ಟೂಲಿನ ಮೇಲೆ ನಿಂತು ಗೋಡೆಗೆ ಕಾಗದದ ಹೂಮಾಲೆ ಅಂಟಿಸುತ್ತಿದ್ದ. ಮಗಳು ಹಂಸಾ ಕಿವಿಗೆ ಹತ್ತಿ ತುರುಕಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು, ಅವ್ವ ಹೇಳಿದಂತೆಲ್ಲ ಕೇಳುವ ಬಾಣಂತಿಯಾಗಿ ಸೋಫಾದಲ್ಲಿ ಕೂತಿದ್ದಳು. ಶಿವಪ್ರಕಾಶನ ಅಕ್ಕ ವೇದವತಿ ಕ್ಯುಪರ್ಟಿನೋದಿಂದ ಕಾರಿನ ತುಂಬ ಸಾಮಾನು ಹೇರಿಕೊಂಡು ಬಂದವಳು, ತಾನು ಆರಿಸಿದ ಹೆಸರನ್ನು ಈಗಷ್ಟೇ ಎಲ್ಲರ ಮುಂದೆ ಬಿಚ್ಚಿಟ್ಟಿದ್ದಳು. ರಿಧಿಷಾ! ಸಂಖ್ಯಾಶಾಸ್ತ್ರದವರಿಗೆ ತೋರಿಸಿ, ಒಂದಕ್ಷರ ಕಳೆದು ಇನ್ನೊಂದಕ್ಷರ ಸೇರಿಸಿ, ಸೋಸಿ ತಂದ ಹೆಸರು. ಹಾಗೆಂದರೇನು ಅಂತ ಹಂಸಾ ಕೇಳಿದ್ದಕ್ಕೆ “ತುಂಬಾ ಪಾಸಿಟಿವ್ ಅಂತೆ ಕಣೆ” ಎಂದಷ್ಟೇ ಉತ್ತರ ಬಂದಿತ್ತು.

“ತೀರ್ಮಾನ ಆಗಿದ್ಯಾ? ಯಾರು ಮಾಡಿದ್ದು?” ವೇದವತಿಯ ದನಿ ಏರಿತು.

“ನಾನೇ.” ದೊಡ್ಡತಾಯಮ್ಮ ನೆಲದ ಮೇಲೆ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

“ಸರಿ, ಏನು ಹೆಸರು? ಹೇಳಿ ನೋಡೋಣ.”

ಈಗ ನಿಂತಿತು ಕೈ. ದೊಡ್ಡತಾಯಮ್ಮ ಒಮ್ಮೆ ಮಗುವಿನ ಮುಖ ನೋಡಿದಳು, ಒಮ್ಮೆ ಮಗಳ ಮುಖ ನೋಡಿದಳು.

“ಅದು... ನಂಗೂ ಗೊತ್ತಿಲ್ಲ ಕನವ್ವ.”

ಶಿವಪ್ರಕಾಶ್ ಸ್ಟೂಲಿನಿಂದ ಇಳಿದೇಬಿಟ್ಟ. ಅತ್ತೆಗೆ ಏನಾದರೂ ಆಯಿತೇನೋ ಎಂದು ಅವನಿಗೆ ಭಯ. ಏನೂ ಆಗಿರಲಿಲ್ಲ. ದೊಡ್ಡತಾಯಮ್ಮ ಒಂದು ಹರಕೆ ಹೊತ್ತಿದ್ದಳು, ಅಷ್ಟೇ. ಹರಕೆ ತೀರುವ ತನಕ ಅದನ್ನು ಯಾರ ಮುಂದೆಯೂ ಬಾಯಿಬಿಡಬಾರದು ಎಂಬುದು ಅವಳು ಹುಟ್ಟಿ ಬೆಳೆದ ಮಂಡ್ಯದ ಕಡೆಯ ಆ ಮನೆಯಲ್ಲಿ ಎಲ್ಲರೂ ನಂಬಿದ್ದ ಮಾತು. ಹಾಗಾಗಿ ಇಷ್ಟು ದಿನ ಹೊಟ್ಟೆಯೊಳಗೇ ಬಚ್ಚಿಟ್ಟುಕೊಂಡು ಒದ್ದಾಡಿದ್ದಳು. ಆದರೆ ರಿಧಿಷಾ ಎಂಬ ಹೆಸರು ತೊಟ್ಟಿಲ ತನಕ ಬಂದು ನಿಂತ ಮೇಲೆ ಇನ್ನೇನು ಬಚ್ಚಿಡುವುದು? ಹೇಳಿಬಿಟ್ಟಳು.

ನಡೆದದ್ದು ಇಷ್ಟು. ಹೆರಿಗೆಯಾದ ದಿನ ಬೆಳಿಗ್ಗೆ ಶಿವಪ್ರಕಾಶ್ ಸಾಂಟಾ ಕ್ಲಾರಾದ ಆಫೀಸಿನಲ್ಲಿ ಯಾವುದೋ ಮೀಟಿಂಗಿನಲ್ಲಿದ್ದ, ಫೋನಿನ ಸದ್ದು ಅಡಗಿಸಿಟ್ಟಿದ್ದ. ದಿನ ತುಂಬುವುದಕ್ಕೆ ಇನ್ನೂ ಸಮಯವಿತ್ತು. ಆದರೆ ಮಗುವಿಗೆ ಯಾರು ಕ್ಯಾಲೆಂಡರ್ ತೋರಿಸಿದ್ದಾರೆ? ಅಡುಗೆಮನೆಯಲ್ಲಿ ನಿಂತಿದ್ದ ಹಾಗೇ ಹಂಸಾಳಿಗೆ ನೀರು ಒಡೆಯಿತು. ದೊಡ್ಡತಾಯಮ್ಮ ಬಾಗಿಲು ತೆಗೆದು, ಮೊದಲ ಮಹಡಿಯ ಕಂಬಿಗೆ ಒರಗಿ, “ಅಕ್ಕಯ್ಯಾ!” ಎಂದು ಕೂಗಿದ ಕೂಗಿಗೆ ಎದುರುಗಡೆ ಕಟ್ಟಡದವರೂ ಕಿಟಕಿ ತೆರೆದರಂತೆ.

ಅಕ್ಕಯ್ಯ ಎಂದರೆ ಕೆಳಗಿನ ಮನೆಯಲ್ಲಿ ಒಬ್ಬಳೇ ಇರುವ ಬಿಳೀಕೂದಲಿನ ಮುದುಕಿ. ದೊಡ್ಡತಾಯಮ್ಮನಿಗಿಂತ ಹತ್ತು ವರ್ಷವಾದರೂ ದೊಡ್ಡವಳು. ಇವಳಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು. ಆದರೂ ದಿನಾ ಸಂಜೆ ಅವಳ ಹೂಕುಂಡಗಳ ಪಕ್ಕ ಇಬ್ಬರೂ ಕುರ್ಚಿ ಹಾಕಿಕೊಂಡು, ತಮ್ಮ ತಮ್ಮ ಭಾಷೆಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಏನು ಮಾತಾಡುತ್ತೀರಿ ಎಂದು ಹಂಸಾ ಕೇಳಿದರೆ, “ನಿಂಗ್ಯಾಕೆ? ದೊಡ್ಡೋರ ವಿಷ್ಯ” ಎಂದು ಬಾಯಿ ಮುಚ್ಚಿಸುತ್ತಿದ್ದಳು. ದೊಡ್ಡವರನ್ನು ಹೆಸರು ಹಿಡಿದು ಕರೆಯಬಾರದು, ಕರೆಯದ ಮೇಲೆ ಕೇಳುವುದಾದರೂ ಯಾಕೆ? ಅಕ್ಕಯ್ಯ ಎಂದರೆ ಅಕ್ಕಯ್ಯ, ಅಲ್ಲಿಗೆ ಮುಗಿಯಿತು.

ಆಂಬ್ಯುಲೆನ್ಸಿಗೆ ಫೋನ್ ಮಾಡೋಣ ಎಂದು ಹಂಸಾ ಹೇಳುವಷ್ಟರಲ್ಲಿ ಅಕ್ಕಯ್ಯ ಕಾರಿನ ಕೀಲಿ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಹಳೇ ಕಾರು, ಬಾಗಿಲು ಹಾಕಿದರೆ ಇಡೀ ಮೈ ಅಲುಗುವಂಥದ್ದು. ಫ್ರೀವೇಗೆ ಹತ್ತಿದರೆ ಕಣ್ಣು ಹಾಯಿಸಿದಷ್ಟು ದೂರ ಕೆಂಪು ದೀಪಗಳು! ಅಕ್ಕಯ್ಯ ತನ್ನ ಭಾಷೆಯಲ್ಲಿ ಏನೋ ಬೈದು, ಮೊದಲು ಸಿಕ್ಕ ಎಕ್ಸಿಟ್ಟಿನಲ್ಲಿ ಇಳಿದು, ಗಲ್ಲಿಗಲ್ಲಿಯಲ್ಲೇ ಕಾರು ನುಗ್ಗಿಸಿದಳು. ಹಿಂದಿನ ಸೀಟಿನಲ್ಲಿ ಹಂಸಾ ಯಾರ ಮಾತೂ ಕಿವಿಗೆ ಬೀಳದಷ್ಟು ಕಿರುಚುತ್ತಿದ್ದಳು. ಆಸ್ಪತ್ರೆಗೆ ಒಂದೇ ತಿರುವು ಬಾಕಿ ಇರುವಾಗ ಸಿಗ್ನಲ್ಲು ಕೆಂಪಾಯಿತು. ದೊಡ್ಡತಾಯಮ್ಮ ಆಗ ಮುಂದಕ್ಕೆ ಬಾಗಿ, ಅಕ್ಕಯ್ಯನ ಬಲಗೈಯನ್ನು ಸ್ಟೀರಿಂಗಿನಿಂದ ಕಿತ್ತುಕೊಂಡು, ಅದರ ಮೇಲೆ ತನ್ನ ಕೈ ತಟ್ಟಿ ಭಾಷೆ ಕೊಟ್ಟಳು.

“ಅಕ್ಕಯ್ಯ, ಎಲ್ಡು ಜೀವ ಉಳುದ್ರೆ, ಗಂಡಾಗ್ಲಿ ಹೆಣ್ಣಾಗ್ಲಿ, ನಿನ್ನ ಹೆಸ್ರೇ ಮಡಗ್ತೀನಿ.”

“ಓಕೆ, ಓಕೆ” ಎಂದಿದ್ದಳು ಅಕ್ಕಯ್ಯ. ಅವಳಿಗೆ ಅರ್ಥವಾದದ್ದೇನೋ, ದೇವರೇ ಬಲ್ಲ.

ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರಮ್ಮನೇ ಹೇಳಿದಳು. ಆ ಮಾತು ಕೇಳಿದಾಗಿನಿಂದ ದೊಡ್ಡತಾಯಮ್ಮನಿಗೆ ಹರಕೆಯ ಕಡೆ ಅನುಮಾನವೇ ಉಳಿದಿರಲಿಲ್ಲ. ಕೈ ತಟ್ಟಿ ಕೊಟ್ಟ ಮಾತು ತಪ್ಪಿದರೆ ಅದು ಯಾರ ಮೇಲೆ ಬಂದು ಬೀಳುತ್ತದೆ? ಈ ಎಳೇ ಕೊರಳಿನ ಮೇಲೆ ತಾನೇ?

ಕಥೆ ಮುಗಿದಾಗ ಹಂಸಾಳ ಕಣ್ಣು ತುಂಬಿತ್ತು. ಆದರೆ ತುಟಿಯಂಚಿನಲ್ಲಿ ನಗುವೂ ಇತ್ತು.

“ಅವ್ವಾ, ಕೆಳಗಿನ ಆಂಟಿ ಹೆಸರು ನ್ಯಾನ್ಸಿ.”

ವೇದವತಿ ನಗಲು ಶುರುಮಾಡಿದಳು ನೋಡಿ, ತಡೆಯುವವರಿಲ್ಲ. “ನ್ಯಾನ್ಸಿ ಶಿವಪ್ರಕಾಶ್! ಅಯ್ಯೋ ನನ್ನ ಕರ್ಮವೇ! ಊರಲ್ಲಿ ನಮ್ಮಜ್ಜಿ ಕೇಳಿದ್ರೆ ಏನಂತ ಹೇಳ್ಲಿ? ನ್ಯಾನ್ಸವ್ವ ಅಂತ ಕರೀರಿ ಅನ್ಲಾ?” ಶಿವಪ್ರಕಾಶನೂ ನಕ್ಕ. ಹಂಸಾ ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ದೊಡ್ಡತಾಯಮ್ಮ ನಗಲಿಲ್ಲ. ಅವಳಿಗೆ ರೇಗಿಹೋಯಿತು.

“ನಗ್ರಿ, ನಗ್ರಿ. ನಂಗೆ ದೊಡ್ಡತಾಯಮ್ಮ ಅಂತ ಯಾಕೆ ಹೆಸ್ರು ಬಂತು ಗೊತ್ತಾ? ನಮ್ಮವ್ವಂಗೆ ಎರಡು ದಿನ ನೋವು ತಿಂದ್ರೂ ಹೆರಿಗೆ ಆಗ್ನಿಲ್ಲ. ದೊಡ್ಡತಾಯಿ ಅಂತ ಒಬ್ಳು ಸೂಲಗಿತ್ತಿ ಹೊಳೆ ದಾಟಿ ಬಂದು ನನ್ನ ಈಚೆಗೆ ಎಳುದ್ಲು. ನಮ್ಮಪ್ಪ ಕುಲ ನೋಡ್ನಿಲ್ಲ, ನಕ್ಷತ್ರ ನೋಡ್ನಿಲ್ಲ, ಅವಳ ಹೆಸ್ರೇ ಮಡಗ್ದ. ನ್ಯಾನ್ಸಿನೋ ಗೀನ್ಸಿನೋ, ಜೀವ ಉಳ್ಸಿದೋಳ ಹೆಸ್ರು ಕನಮ್ಮಿ ಅದು!”

ನಗು ತಣ್ಣಗಾಯಿತು. ಶಿವಪ್ರಕಾಶ್ ಗಂಟಲು ಸರಿಮಾಡಿಕೊಂಡು, “ಅತ್ತೆ, ಹೀಗೆ ಮಾಡಿದ್ರೆ? ಮೊದಲ ಹೆಸರು ರಿಧಿಷಾ ಇರ್ಲಿ, ಮಿಡ್ಲ್ ನೇಮ್ ನ್ಯಾನ್ಸಿ...” ಎಂದ.

“ಹರಕೆನ ಮಧ್ಯಕ್ಕೆ ತುರುಕೋದಾ ಅಳಿಯಂದ್ರೆ? ದೇವ್ರಿಗೆ ಗೊತ್ತಾಗಲ್ವಾ?”

ವೇದವತಿ ಎದ್ದು ನಿಂತಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ. “ಅಮ್ಮ, ನಿಮ್ಮ ಹರಕೆ ನಿಮ್ಮದು. ಆದ್ರೆ ಮಗು ಕಿವಿಯಲ್ಲಿ ಹೆಸರು ಹೇಳೋಳು ಸೋದರತ್ತೆ, ಅಂದ್ರೆ ನಾನು. ನನ್ನ ತಮ್ಮ ಹುಟ್ಟೋಕೆ ಮುಂಚೆನೇ...” ತಮ್ಮನ ಕಡೆ ಕೈ ತೋರಿಸಿದಳು, “ಇವನಿಗೆ ಮಗು ಆದ್ರೆ ಹೆಸರು ನಾನೇ ಹೇಳೋದು ಅಂತ ಆಸೆ ಇಟ್ಕೊಂಡೋಳು ನಾನು” ಎಂದುಬಿಟ್ಟಳು. ತಮ್ಮ ಹುಟ್ಟುವುದಕ್ಕೆ ಮುಂಚೆಯೇ ಅವನ ಮಗುವಿಗೆ ಹೆಸರು ಹೇಗೆ ಯೋಚಿಸಿದಳೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅದೇ ದೊಡ್ಡತಾಯಮ್ಮನಿಗೆ ಸಂಕಟ. ಗಂಡಿನ ಕಡೆಯವಳು, ಮೇಲಾಗಿ ಸೋದರತ್ತೆ. ಹರಕೆ ತನ್ನದು, ಆದರೆ ಅದನ್ನು ತೀರಿಸುವ ಬಾಯಿ ಅವಳದು. ಮಗುವಿಗೆ ಬಟ್ಟೆ ಸುತ್ತಿ ಹಂಸಾಳ ಮಡಿಲಿಗೆ ಹಾಕಿ, ಸೀರೆ ಸೆರಗಿನಲ್ಲಿ ಎಣ್ಣೆ ಕೈ ಒರೆಸಿಕೊಂಡು ಎದ್ದಳು.

“ಹೆಂಗಿದ್ರೂ ಅಕ್ಕಯ್ಯನ ನಾಳೆಗೆ ಕರೀಬೇಕು. ಕುಂಕ್ಮದ ಬಟ್ಟಲು ಕೊಡು. ಅವಳ ಹೆಸ್ರ ಅವಳ ಬಾಯಿಂದ್ಲೇ ಕೇಳ್ತೀನಿ. ಅಳಿಯಂದ್ರೆ, ಬನ್ನಿ, ನನ್ನ ಮಾತ ಇಂಗ್ಲೀಸಲ್ಲಿ ಹೇಳಿ.”

“ನಾನೂ ಬರ್ತೀನಿ” ಎಂದಳು ವೇದವತಿ. ಅಲ್ಲಿ ಇನ್ನೊಂದು ಮಾತು ಕೊಟ್ಟುಬಿಟ್ಟರೆ ಏನು ಗತಿ ಎಂಬ ಆತಂಕ ಅವಳದು.

ಮುದುಕಿ ತನ್ನ ಮನೆ ಮುಂದಿನ ಹೂಕುಂಡಗಳಿಗೆ ನೀರು ಹಾಕುತ್ತಿದ್ದಳು. ಕಿತ್ತಳೆ ಬಣ್ಣದ ಹೂವು, ನಮ್ಮ ಚೆಂಡುಹೂವಿನ ತಂಗಿಯಂತಿರುವುದು. ದೊಡ್ಡತಾಯಮ್ಮ ಕುಂಕುಮ ಹಚ್ಚಿ, ನಾಳೆಗೆ ಕರೆದು, ಅಳಿಯನ ಕಡೆ ನೋಡಿದಳು. ಶಿವಪ್ರಕಾಶ್ ತಡವರಿಸುತ್ತ ಎಲ್ಲವನ್ನೂ ಹೇಳಿದ. ಕಾರು, ಸಿಗ್ನಲ್ಲು, ಕೈ ತಟ್ಟಿದ್ದು, ಹರಕೆ, ನ್ಯಾನ್ಸಿ ಎಂಬ ಹೆಸರು.

ಕೇಳುತ್ತ ಕೇಳುತ್ತ ಮುದುಕಿಯ ಕೈಯಲ್ಲಿದ್ದ ನೀರಿನ ಕ್ಯಾನು ವಾಲಿ, ಅವಳ ಚಪ್ಪಲಿಯೆಲ್ಲ ಒದ್ದೆಯಾಯಿತು. ಆಮೇಲೆ ಅವಳು ಏನೋ ಹೇಳಿದಳು. ಶಿವಪ್ರಕಾಶನ ಹುಬ್ಬು ಮೇಲೇರಿತು.

“ಅತ್ತೆ, ನ್ಯಾನ್ಸಿ ಅವರ ಹೆಸರೇ ಅಲ್ವಂತೆ!”

“ಏನಂದ್ರಿ?”

“ಕ್ರೊಯೇಷಿಯಾದಿಂದ ಗಂಡನ ಜೊತೆ ಚಿಕ್ಕವಯಸ್ಸಲ್ಲಿ ಬಂದೋರಂತೆ. ಇಲ್ಲಿ ಮೊದಲನೇ ಕೆಲಸಕ್ಕೆ ಸೇರಿದ ದಿನ ಸೂಪರ್‌ವೈಸರಿಗೆ ಇವರ ಹೆಸರು ಹೇಳೋಕೆ ಬರ್ಲಿಲ್ವಂತೆ. ಇವತ್ತಿಂದ ನೀನು ನ್ಯಾನ್ಸಿ ಅಂದ್ನಂತೆ. ಹಾಗೇ ಉಳ್ಕೊಂಡ್ಬಿಡ್ತಂತೆ. ಮನೇಲಿ ಗಂಡ ಒಬ್ಬರೇ ನಿಜವಾದ ಹೆಸರಲ್ಲಿ ಕರೀತಿದ್ರಂತೆ. ಅವರು ಹೋದ್ಮೇಲೆ ಆ ಹೆಸರನ್ನ ಯಾರ ಬಾಯಲ್ಲೂ ಕೇಳಿಲ್ವಂತೆ.”

ದೊಡ್ಡತಾಯಮ್ಮ ಮುದುಕಿಯ ಎರಡೂ ಭುಜ ಹಿಡಿದು ಕನ್ನಡದಲ್ಲೇ ಕೇಳಿದಳು. “ಏನು ಅಕ್ಕಯ್ಯ ನಿನ್ನ ಹೆಸ್ರು? ಹೇಳು, ನಂಗೆ ಹೇಳು!”

ಮುದುಕಿಗೆ ಈ ಸಲ ಯಾರೂ ಅನುವಾದ ಮಾಡಿ ಹೇಳಬೇಕಾಗಲಿಲ್ಲ. ಕುಂಡದಿಂದ ಒಂದು ಹೂವು ಕಿತ್ತು ದೊಡ್ಡತಾಯಮ್ಮನ ಅಂಗೈಯಲ್ಲಿಟ್ಟು, ಮೊದಲು ಹೂವನ್ನೂ ಆಮೇಲೆ ತನ್ನ ಎದೆಯನ್ನೂ ಮುಟ್ಟಿ ತೋರಿಸಿದಳು. “ನೆವೆಂಕಾ.”

ಶಿವಪ್ರಕಾಶ್ ಆಗಲೇ ಫೋನು ತೆಗೆದಿದ್ದ. “ಇವರ ಕಡೆಯ ಸ್ಲಾವ್ ಜನರ ಹೆಸರಂತೆ ಅತ್ತೆ! ನೆವೆನ್ ಅಂದ್ರೆ ಇದೇ ಹೂವು. ಬಾಡದೆ ಇರೋದು ಅಂತ ಅರ್ಥ!”

“ನೆವೆಂಕಾ” ಎಂದಳು ದೊಡ್ಡತಾಯಮ್ಮ. ಬೆಲ್ಲದ ಚೂರು ಬಾಯಲ್ಲಿಟ್ಟು ನೋಡುವ ಹಾಗೆ ಮತ್ತೊಮ್ಮೆ, “ನೆವೆಂಕಾ. ಇದ್ರಲ್ಲಿ ಹೇಳಕ್ಕಾಗ್ದೆ ಇರೋದು ಏನೈತೆ? ಸೂಪರ್ವೈಜರಂತೆ! ನಾಲ್ಗೆ ಬಿದ್ದೋಗಿತ್ತಾ ಅವನಿಗೆ?”

ಆದರೆ ಮುದುಕಿ ತಲೆ ಅಲ್ಲಾಡಿಸುತ್ತಿದ್ದಳು. ಬೇಡ, ಬೇಡ ಎಂದು ಕೈಯಾಡಿಸಿದಳು. ಶಿವಪ್ರಕಾಶ್ ಮೆಲ್ಲಗೆ ಹೇಳಿದ. “ಮಗು ಮೇಲೆ ಆ ಭಾರ ಹೊರಿಸ್ಬೇಡಿ ಅಂತಿದಾರೆ. ಇಲ್ಲಿ ಜನಕ್ಕೆ ಹೇಳೋಕೆ ಕಷ್ಟ. ಅದೂ ಒಂದಿನ ನನ್ನ ಹಾಗೆ ಹೆಸರು ಬಿಟ್ಟುಕೊಡಬೇಕಾಗತ್ತೆ ಅಂತಿದಾರೆ.”

“ನಾನೂ ಅದನ್ನೇ ಹೇಳೋದು” ಎಂದಳು ವೇದವತಿ. ಆದರೆ ಅವಳ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ. “ಟೀಚರಿಗೆ, ಫ್ರೆಂಡ್ಸಿಗೆ, ನಾಳೆ ಆಫೀಸಲ್ಲಿ, ಎಲ್ಲರಿಗೂ ಈಸಿ ಇರ್ಬೇಕು.”

“ಈಸಿ ಇರ್ಬೇಕಾ?” ದೊಡ್ಡತಾಯಮ್ಮ ಸೊಂಟಕ್ಕೆ ಕೈ ಕೊಟ್ಟಳು. “ನಾನು ಇಲ್ಲಿ ಬಂದು ಇಳಿದಾಗ ಆ ಏರ್‌ಪೋರ್ಟಿನವನು ನನ್ನ ಹೆಸ್ರು ಓದಕ್ಕೆ ಮೂರು ಸಲ ಉಸಿರು ತಗೊಂಡ. ನಾನೇನು ‘ಡಾಲಿ’ ಅಂತ ಕರಿಯಪ್ಪ ಅಂದ್ನಾ? ನಿಂತ್ಕೊಂಡೆ. ಹೇಳೋ ತನಕ ನಿಂತೇ ಇದ್ದೆ. ಹಿಂದೆ ಅಷ್ಟುದ್ದ ಸಾಲು. ಕೊನೆಗೂ ಹೇಳ್ದ ತಾನೇ? ಕಲ್ತರೆ ಬತ್ತದೆ ವೇದಮ್ಮ. ಕಲಿಯಕ್ಕೆ ಬುಡ್ಬೇಕು!”

ಮುದುಕಿಯನ್ನೇ ನೋಡುತ್ತ ನಿಂತಿದ್ದ ವೇದವತಿ, ಹೊತ್ತಾಯಿತು ಎಂದು ಕಾರು ಹತ್ತಿದಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ರಾತ್ರಿ ದೊಡ್ಡತಾಯಮ್ಮನಿಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಮನೆ ತುಂಬಿಹೋಯಿತು. ಮಂಡ್ಯದವರು, ಹಾಸನದವರು, ಶಿವಪ್ರಕಾಶನ ಆಫೀಸಿನವರು, ಎಲ್ಲರ ಬೂಟು ಚಪ್ಪಲಿ ಮೆಟ್ಟಿಲ ತನಕ ಇಳಿದಿದ್ದವು. ಅಡುಗೆಮನೆಯಿಂದ ಒಬ್ಬಟ್ಟಿನ ಸಾರಿನ ವಾಸನೆ. ತೊಟ್ಟಿಲಿಗೆ ಹೂವು, ತೊಟ್ಟಿಲಲ್ಲಿ ಮಗು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು. ಕೆಳಗಿನ ಮುದುಕಿ ನೀಲಿ ಬಣ್ಣದ ಒಳ್ಳೇ ಫ್ರಾಕು ತೊಟ್ಟು, ಆ ಕಿತ್ತಳೆ ಹೂವಿನ ಒಂದು ಗೊಂಚಲು ಹಿಡಿದು ಬಂದು, ಯಾರಿಗೂ ಅಡ್ಡವಾಗದ ಹಾಗೆ ಫ್ರಿಜ್ಜಿನ ಪಕ್ಕ ನಿಂತಿದ್ದಳು.

ವೇದವತಿ ರೇಷ್ಮೆ ಸೀರೆ ಉಟ್ಟು ಬಂದಳು. ದೊಡ್ಡತಾಯಮ್ಮ ಅವಳ ಮುಖವನ್ನೇ ನೋಡಿದಳು. ಏನೂ ಗೊತ್ತಾಗಲಿಲ್ಲ.

ತಟ್ಟೆಯಲ್ಲಿ ಅಕ್ಕಿ ಹರಡಿದರು. ಶಿವಪ್ರಕಾಶ್ ಬೆರಳಿನ ಉಂಗುರ ತೆಗೆದು, ಅಕ್ಕಿಯ ಮೇಲೆ ಹೆಸರು ಬರೆಯಲು ಬಗ್ಗಿದವನು ಹಾಗೇ ನಿಂತ. ಹೆಂಡತಿಯನ್ನು ನೋಡಿದ, ಅತ್ತೆಯನ್ನು ನೋಡಿದ, ಕೊನೆಗೆ ಅಕ್ಕನನ್ನು ನೋಡಿದ.

“ಅಕ್ಕಾ, ಏನು ಬರೀಲಿ?”

“ತಡಿ” ಎಂದಳು ವೇದವತಿ.

ಅವಳು ತೊಟ್ಟಿಲ ಕಡೆ ಹೋಗಲಿಲ್ಲ. ಜನರನ್ನು ಸರಿಸುತ್ತ ಫ್ರಿಜ್ಜಿನ ಕಡೆ ನಡೆದಳು. ಮುದುಕಿಯ ಕೈ ಹಿಡಿದು ಎಳೆದುಕೊಂಡು ಬಂದು ತೊಟ್ಟಿಲ ಮುಂದೆ ನಿಲ್ಲಿಸಿದಳು. ಆಮೇಲೆ ದೊಡ್ಡತಾಯಮ್ಮನ ಕಡೆ ತಿರುಗಿದಳು. ಅವಳ ಕಣ್ಣು ಕೆಂಪಾಗಿತ್ತು.

“ಅಮ್ಮ, ಆಫೀಸಲ್ಲಿ ನನ್ನ ವೇದವತಿ ಅಂತ ಯಾರೂ ಕರೆಯಲ್ಲ. ವೀ ಅಂತಾರೆ. ಬರೀ ವೀ. ಸೇರಿದ ದಿನ ನಾನೇ ಹೇಳಿದ್ದೆ, ಅವರಿಗೆ ಈಸಿ ಆಗ್ಲಿ ಅಂತ. ನಿನ್ನೆ ಮನೆಗೆ ಹೋಗಿ ಯೋಚನೆ ಮಾಡ್ದೆ. ನನ್ನ ಪೂರ್ತಿ ಹೆಸರು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಬೆರಳೆಣಿಕೆ ಅಷ್ಟೇ.” ಮೂಗು ಒರೆಸಿಕೊಂಡಳು. “ಕಿವೀಲಿ ಹೇಳೋ ಹಕ್ಕು ನಂದು. ಅದನ್ನ ಇವತ್ತು ಇವರಿಗೆ ಕೊಡ್ತಿದೀನಿ. ಇವರ ಹೆಸರು, ಇವರೇ ಹೇಳ್ಲಿ.”

“ಅಯ್ಯೋ ನನ್ನವ್ವಾ!” ದೊಡ್ಡತಾಯಮ್ಮ ವೇದವತಿಯ ಎರಡೂ ಕೆನ್ನೆ ಹಿಡಿದು, ಬೆರಳು ಮಡಚಿ ಲಟಲಟ ನೆಟಿಗೆ ಮುರಿದಳು. ಗಂಡಿನ ಕಡೆಯವಳು ಎಂಬುದೆಲ್ಲ ಮರೆತೇಹೋಗಿತ್ತು. ಹಂಸಾ ಅಳುತ್ತಿದ್ದಳು, ಶಿವಪ್ರಕಾಶ್ ಅಕ್ಕಿಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದ.

ಮುದುಕಿಗೆ ಏನು ಮಾಡಬೇಕೆಂದು ಹಂಸಾ ಇಂಗ್ಲಿಷಿನಲ್ಲಿ ಪಿಸುಗುಟ್ಟಿದಳು. ಮುದುಕಿ ತೊಟ್ಟಿಲ ಮೇಲೆ ಬಗ್ಗಿದಳು. ಕೈಯನ್ನು ಮಗುವಿನ ಕಿವಿಗೆ ಅಡ್ಡ ಹಿಡಿದು, ಒಂದು ಸಲ, ಎರಡು ಸಲ, ಮೂರು ಸಲ ಹೇಳಿದಳು. ಏನು ಹೇಳಿದಳೆಂದು ಹೊರಗೆ ಯಾರಿಗೂ ಕೇಳಿಸಲಿಲ್ಲ, ಮಗುವಿಗೆ ಮಾತ್ರ ಕೇಳಿಸಿತು.

“ಎಲ್ಲಾರೂ ಕೂಗ್ರಪ್ಪ, ಗಟ್ಟಿಯಾಗಿ ಕೂಗ್ರಿ!” ಎಂದು ದೊಡ್ಡತಾಯಮ್ಮ ಅಪ್ಪಣೆ ಕೊಟ್ಟಳು.

“ನೆವೆಂಕಾ!” ಎಂದು ಇಡೀ ಮನೆ ಕೂಗಿತು.

ಮಗು ನಿದ್ದೆಯಲ್ಲಿ ತುಟಿ ಚಪ್ಪರಿಸಿತು, ಅಷ್ಟೇ. ಆದರೆ ಮುದುಕಿ ಬೆಚ್ಚಿ ತಲೆಯೆತ್ತಿದಳು. ಯಾರೋ ದೂರದಿಂದ ತನ್ನನ್ನೇ ಕರೆದಂತೆ ಸುತ್ತ ನೋಡಿ, ತನ್ನ ಭಾಷೆಯಲ್ಲಿ ಗಟ್ಟಿಯಾಗಿ ಅಂದಳು.

“ಎವೊ ಮೆ!”

ಹಾಗೆಂದರೆ ಇಲ್ಲಿದ್ದೀನಿ ಎಂದರ್ಥ ಎಂದು ಆಮೇಲೆ ತಿಳಿಯಿತು. ದೊಡ್ಡತಾಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಓ ಅಂದ್ಲು ಕನ್ರಪ್ಪಾ!” ಎಂದು ಅವಳು ಚಪ್ಪಾಳೆ ತಟ್ಟಿ ಕುಣಿದಾಡಿಬಿಟ್ಟಳು. “ಕರುದ್ರೆ ಓ ಅಂದ್ಲು! ಇನ್ನೊಂದ್ಸಲ ಕರೀರಿ!”

ಇನ್ನೊಂದು ಸಲ ಕರೆದರು.